ಎರಡನೆಯ ಅತಿಥಿ

ಫೆಬ್ರುವರಿ ೬

ಪ್ರೀತಿಯ ಅಕ್ಕಾ,

ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದರೆ ಮೊದಲು ಕೆಳಗಿಡು. ಯಾರದೋ ಅಂಗಿ ಸುಟ್ಟು, ಆಮೇಲೆ ತಮ್ಮನ ಕಾಗದ ಓದುತ್ತಿದ್ದೆ ಎಂದು ನನ್ನ ತಲೆಗೆ ಕಟ್ಟಬೇಡ. ವಿಷಯ ಇಷ್ಟೇ: ನನ್ನನ್ನು ರೇಡಿಯೋದವರು ಕರೆದಿದ್ದಾರೆ.

ಗುರುವಾರ ಸಂಜೆ ನೀನು ಅಂಗಡಿಯಲ್ಲಿ ಹಾಕಿಕೊಂಡು ಕೇಳುವ ‘ಈ ವಾರದ ಮಾತು’ ಇದೆಯಲ್ಲ, ಅದಕ್ಕೆ. ಪೇಪರಿನಲ್ಲಿ ಬಂದ ಒಂದು ವಿಷಯ ಹಿಡಿದು, ಬಲ್ಲವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಆ ನಿರೂಪಕಿ ಅರ್ಧ ಗಂಟೆ ಮಾತಾಡಿಸುತ್ತಾರೆ. ಮುಂದಿನ ಗುರುವಾರದ ವಿಷಯ ಬಸ್ ದರ ಏರಿಕೆ. ಸಂಜೆ ಕಾಲೇಜಿನಲ್ಲಿ ನಗರದ ಜನಜೀವನ ಎಂದು ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಕೊನೆಗೂ ಯಾರದೋ ಕಣ್ಣಿಗೆ ಬಿದ್ದೆ.

ಹೋದ ವರ್ಷ ನಮ್ಮ ಕಾಲೇಜಿನ ಗ್ರಂಥಪಾಲಕನನ್ನು ಕರೆದಿದ್ದರು. ಪುಸ್ತಕ ಕೇಳಿದರೆ “ನಾಳೆ ಬನ್ನಿ” ಎನ್ನುವ ಆ ಮನುಷ್ಯ ಓದುವ ಸುಖದ ಬಗ್ಗೆ ಅರ್ಧ ಗಂಟೆ ಮಾತಾಡಿದ. ಆ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಎಲ್ಲರಂತೆ ನಾನೂ ಕೈಕುಲುಕಿ, ಬಹಳ ಚೆನ್ನಾಗಿತ್ತು ಎಂದೆ. ಆ ಸುಳ್ಳು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಸಲ ಅವನೇ ಬಂದು ನನ್ನ ಕೈಕುಲುಕಲಿ.

ನೀನು ಕೇಳಬೇಕು. ಭಾವನಿಗೂ ಕೇಳಿಸು, ದನಿ ಜೋರಾಗಿಡು. ಬಟ್ಟೆ ಒಗೆಯುವ ಮೆಷಿನ್ ಅರ್ಧ ಗಂಟೆ ನಿಲ್ಲಿಸಿದರೆ ಊರೇನೂ ಮುಳುಗುವುದಿಲ್ಲ.

ಹಿಗ್ಗಿನಿಂದ,
ನಿನ್ನ ತಮ್ಮ


ಫೆಬ್ರುವರಿ ೧೪

ಗೊಣಗಣ್ಣಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಯ್ಯಲು ಶುರುಮಾಡಿದ ಕೂಡಲೇ “ಬಸ್ ಬಂತು ಅಕ್ಕ, ಇಡ್ತೀನಿ” ಎನ್ನುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ನಿನ್ನ ಮಾತು ನಂಬಿ ನಾನು ಬೀದಿಗೆಲ್ಲ ಡಂಗುರ ಸಾರಿದೆ. ಪಕ್ಕದ ಔಷಧಿ ಅಂಗಡಿಯವರು ಬಾಗಿಲು ಅರ್ಧ ಎಳೆದು ಬಂದು ಕೂತರು. ಸೀರೆ ಇಸ್ಕೊಂಡು ಹೋಗಲು ಬಂದ ಟೀಚರಮ್ಮನನ್ನು ನಾನೇ ಹಿಡಿದು ಕೂರಿಸಿದೆ. ಮೆಷಿನ್ ನಿಲ್ಲಿಸಿದೆ. ರೇಡಿಯೋ ಹಾಕಿದೆ. ಬಂದದ್ದು ಇನ್ಯಾರದೋ ದನಿ. ಯಾರೋ ಪ್ರೊಫೆಸರ್ ಅಂತೆ.

“ಇವನೇನಾ ನಿನ್ನ ತಮ್ಮ? ಗಂಟಲು ರಿಪೇರಿ ಮಾಡಿಸ್ಕೊಂಡಿದಾನಾ?” ಅಂದರು ನಿನ್ನ ಭಾವ. ಅವರ ಕಿವಿ ಮೊದಲೇ ಅಷ್ಟಕ್ಕಷ್ಟೆ.

ನಿನ್ನ ದನಿ ನನಗೆ ಗೊತ್ತಿಲ್ಲವೇ. ಪ್ರತಿ ಮಾತನ್ನೂ “ಅಲ್ಲ, ಅಲ್ಲ” ಎಂದು ಶುರುಮಾಡಿ, ಅರ್ಧಕ್ಕೆ ಉಗ್ಗಿ, ಆಮೇಲೆ ಎದುರಿಗಿದ್ದವರ ಮೇಲೆ ರೇಗುವವನು ನೀನು. ಸಂತೆಯ ಗದ್ದಲದಲ್ಲಿ ಕಣ್ಣು ಕಟ್ಟಿ ಬಿಟ್ಟರೂ ನಿನ್ನನ್ನು ಹಿಡಿದು ತರುತ್ತೇನೆ. ಅದು ನೀನಲ್ಲ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗಾಯಿತು ನನ್ನ ಕಥೆ. ಟೀಚರಮ್ಮ ಹೋಗುವಾಗ ನನ್ನ ಮುಖ ನೋಡದೆ ಹೋದರು. ಏನಾಯಿತು ಎಂದು ಬರೆ. ಜ್ವರಗಿರ ಬಂದಿತ್ತಾ?

ಕಾಯುತ್ತಿರುವ
ಅಕ್ಕ


ಫೆಬ್ರುವರಿ ೧೯

ಅಕ್ಕಾ,

ಅಲ್ಲ, ಜ್ವರ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅಲ್ಲೇ ಇದ್ದೆ. ಆ ದನಿ ಬರುತ್ತಿದ್ದ ಕೋಣೆಗೂ ನನಗೂ ನಡುವೆ ಒಂದೇ ಬಾಗಿಲು.

ಅವರ ಏರ್ಪಾಡು ನನಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಕಾರ್ಯಕ್ರಮ ನೇರ ಪ್ರಸಾರ. ಕರೆದವರು ಬಾರದೆ ಹೋದರೆ ಅರ್ಧ ಗಂಟೆ ಏನು ಮಾಡುವುದು? ಅದಕ್ಕೆ ಪ್ರತಿ ವಾರ ಇಬ್ಬರನ್ನು ಕರೆಯುತ್ತಾರೆ. ಮೊದಲನೆಯ ಅತಿಥಿ ಒಳಗೆ ಹೋಗಿ ಮಾತಾಡುತ್ತಾನೆ. ಎರಡನೆಯ ಅತಿಥಿ ಹೊರಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಾನೆ. ಕೊರಳಿಗೆ ಹಾಕುವ ಚೀಟಿಯಲ್ಲೇ ‘ಅತಿಥಿ ೨’ ಎಂದು ಅಚ್ಚಾಗಿದೆ. ಅತಿಥಿಗಳ ಏರ್ಪಾಡು ನೋಡಿಕೊಳ್ಳುವ ಹೆಂಗಸು ಅದನ್ನು ನನ್ನ ಕೊರಳಿಗೆ ಹಾಕುತ್ತಾ, “ನೀವಿದ್ರೆ ನಮಗೆ ಧೈರ್ಯ ಸಾರ್” ಅಂದರು. ಬೆಂಕಿ ಆರಿಸಲು ಮೂಲೆಯಲ್ಲಿಟ್ಟ ಮರಳಿನ ಬಕೆಟ್ಟಿಗೂ ಅವರು ಹಾಗೇ ಹೇಳುತ್ತಿರಬೇಕು.

ಆ ಕೋಣೆಯಲ್ಲಿ ನಡುವೆ ಕುಸಿದ ಒಂದು ಸೋಫಾ ಇದೆ. ಗೋಡೆಯ ಮೇಲೆ ಒಂದು ಸ್ಪೀಕರ್ ಇದೆ. ಒಳಗಿನ ಮಾತೆಲ್ಲ ಅದರಲ್ಲಿ ಕೇಳಿಸುತ್ತದೆ. ಅದಕ್ಕೆ ಗುಂಡಿಯೇ ಇಲ್ಲ. ತಗ್ಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ.

ಪ್ರೊಫೆಸರ್ ದೊಡ್ಡ ವಿಶ್ವವಿದ್ಯಾಲಯದವರು. ಇನ್ನೇನು ಶುರುವಾಗಬೇಕು ಎನ್ನುವಾಗ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಒಂದು ಹಾಳೆಯೂ ಇಲ್ಲ. ನಾನು ವಾರವಿಡೀ ಬಸ್ಸುಗಳಲ್ಲಿ ಓಡಾಡಿ, ಕಂಡಕ್ಟರುಗಳನ್ನು ಮಾತಾಡಿಸಿ ಬಂದಿದ್ದೆ. ಅವರು ನನ್ನ ಪಕ್ಕ ಕೂತು, ನನ್ನ ತೊಡೆ ತಟ್ಟಿ, “ಏನಯ್ಯಾ, ಈ ಬಸ್ಸಿನ ಕಥೆ ಏನು? ನನಗೂ ಸ್ವಲ್ಪ ಹೇಳು” ಅಂದರು. ನಾನು ಹೇಳಿದೆ. ಒಳಗೆ ಹೋದರು. ನಾನು ಸೋಫಾದ ಕುಳಿಯಲ್ಲಿ ಕೂತು ನನ್ನ ಮಾತುಗಳನ್ನೇ ಸ್ಪೀಕರಿನಲ್ಲಿ ಕೇಳಿದೆ.

ಮುಂದಿನ ಗುರುವಾರಕ್ಕೂ ಕರೆದಿದ್ದಾರೆ. ಹೋಗುತ್ತೇನೆ. ಒಂದಲ್ಲ ಒಂದು ದಿನ ಆ ಮನುಷ್ಯನ ಬಸ್ ಕೆಟ್ಟು ನಿಲ್ಲಲೇಬೇಕು.

ಬಾಗಿಲ ಹೊರಗಿನ
ತಮ್ಮ


ಮಾರ್ಚ್ ೧೧

ಗೊಣಗಣ್ಣಾ,

ಇವತ್ತು ಮಗ್ಗುಲಿನ ಹೋಟೆಲಿನಿಂದ ಮೇಜುಬಟ್ಟೆಗಳ ರಾಶಿ ಬಂದಿದೆ. ಎಣ್ಣೆಯ ಕಲೆ ಬಿಡಿಸಿ ಬಿಡಿಸಿ ಬೆರಳು ಸುಕ್ಕಾಗಿವೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಗುರುವಾರ ತಪ್ಪದೆ ಕೇಳುತ್ತಿದ್ದೇನೆ. ನಿನಗಾಗಿ. ಪ್ರತಿ ಸಲ ಅದೇ ಬೆಣ್ಣೆಗಂಟಲು. ಅವನಿಗೆ ನಾನಿಟ್ಟ ಹೆಸರು ಅದು, ನಮ್ಮ ಬೀದಿಯಲ್ಲಿ ಈಗ ಎಲ್ಲರೂ ಹಾಗೇ ಕರೆಯುತ್ತಾರೆ. ಪೌರಕಾರ್ಮಿಕರ ಮುಷ್ಕರಕ್ಕೂ ಅವನೇ, ಶಾಲೆ ಮುಚ್ಚಿದ್ದಕ್ಕೂ ಅವನೇ. ಒಬ್ಬ ಮನುಷ್ಯನಿಗೆ ಇಷ್ಟೊಂದು ವಿಷಯ ಹೇಗೆ ಗೊತ್ತಿರುತ್ತದೆ ಎಂದು ಔಷಧಿ ಅಂಗಡಿಯವರು ಬೆರಗಾಗುತ್ತಾರೆ. ನನಗೆ ಗೊತ್ತು, ಆದರೆ ಹೇಳುವ ಹಾಗಿಲ್ಲ.

ಒಂದು ಮಾತು ಹೇಳಲಾ? ಸಿಟ್ಟಾಗಬೇಡ. ಚೆನ್ನಾಗಿಯೇ ಮಾತಾಡುತ್ತಾನೆ. ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವುದಿಲ್ಲ, ಒಂದು ಗುಕ್ಕು ನೀರು ಕುಡಿಯುವಷ್ಟು ಹೊತ್ತು ಸುಮ್ಮನಿರುತ್ತಾನೆ. ಆಮೇಲೆ “ನೋಡಿ, ಇದನ್ನ ಎರಡು ರೀತಿ ನೋಡಬಹುದು” ಅನ್ನುತ್ತಾನೆ. ಕೊನೆಗೆ ಸಣ್ಣಗೆ ನಗುತ್ತಾನೆ. ಕೇಳುತ್ತ ಕೇಳುತ್ತ ಒಂದು ಇಡೀ ಹೊದಿಕೆ ಇಸ್ತ್ರಿಯಾದದ್ದೇ ಗೊತ್ತಾಗಲಿಲ್ಲ. ನೀನು ಮಾತಾಡಿದರೆ ನನಗೆ ಕೆಲಸವೇ ಸಾಗುವುದಿಲ್ಲ, ಜಗಳಕ್ಕೆ ನಿಲ್ಲಬೇಕು ಅನ್ನಿಸುತ್ತದೆ.

ಹಾವಿಗೆ ಹಾಲೆರೆಯುವುದನ್ನು ಮೊದಲು ನಿಲ್ಲಿಸು. ಅವನು ಕೇಳಿದರೆ “ನನಗೇನೂ ಗೊತ್ತಿಲ್ಲ ಸಾರ್” ಅನ್ನು. ಬಾಯಿಗೆ ಬೀಗ ಹಾಕಿಕೊಳ್ಳಲು ತಜ್ಞರೇ ಬೇಕಾ?

ಸುಕ್ಕುಬೆರಳಿನ
ಅಕ್ಕ


ಮಾರ್ಚ್ ೧೭

ಅಕ್ಕಾ,

ಚೆನ್ನಾಗಿ ಮಾತಾಡುತ್ತಾನೆ ಎಂದು ನೀನೂ ಬರೆದೆ. ಬೇರೆ ಯಾರು ಬರೆದಿದ್ದರೂ ಸಹಿಸುತ್ತಿದ್ದೆ. ನಿನ್ನ ಕಾಗದವನ್ನು ಎರಡು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಆ ಒಂದು ಸಾಲು ಎದೆಗೆ ಸುಡುತ್ತಿತ್ತು.

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ. ಆ ಮನುಷ್ಯ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವಾಗ ಅವನ ಬೆನ್ನು ನೋಡುತ್ತೇನಲ್ಲ, ಆಗ ನನ್ನ ಹೊಟ್ಟೆಯಲ್ಲಿ ಏಳುವ ಉರಿಯಲ್ಲಿ ನೀನು ಹತ್ತು ಇಸ್ತ್ರಿಪೆಟ್ಟಿಗೆ ಕಾಯಿಸಬಹುದು. ಅವನ ಕೋಟಿನ ಮೊಣಕೈ ಸವೆದಿದೆ, ಅದನ್ನು ಕಂಡರೂ ಕಿಚ್ಚು. ಸವೆದ ಕೋಟು ಹಾಕಿಕೊಂಡು ಬಂದರೂ ಅವನಿಗೆ ನಡೆಯುತ್ತದೆ. ನಾನು ರೇಡಿಯೋಕ್ಕೆ ಹೋಗುವಾಗ ಹೊಸ ಅಂಗಿ ತೊಡುತ್ತೇನೆ. ಯಾರಿಗೂ ಕಾಣದ ಕಡೆ ಹೋಗಲು ಹೊಸ ಅಂಗಿ ತೊಡುವ ಮೂರ್ಖ ನಾನೊಬ್ಬನೇ.

ಆದರೆ ನಾನು ಸುಮ್ಮನೆ ಕೂತಿಲ್ಲ. ಅವನ ತಪ್ಪು ಹುಡುಕಲು ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳುತ್ತಿದ್ದೇನೆ. ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ನಗುತ್ತಾನೆ, ಯಾವ ಮಾತನ್ನು ಎಳೆಯುತ್ತಾನೆ, ಎಲ್ಲ ನನಗೆ ಬಾಯಿಪಾಠ. ಮೊನ್ನೆ ತರಗತಿಯಲ್ಲಿ ಅವನ ಅಣಕ ಮಾಡಿ ತೋರಿಸಿದೆ. ದಿನವಿಡೀ ದುಡಿದು ತೂಕಡಿಸುತ್ತ ಬರುವ ನನ್ನ ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು. “ಸಾರ್, ಕಣ್ಣು ಮುಚ್ಕೊಂಡ್ರೆ ರೇಡಿಯೋ ಹಾಕಿದ ಹಾಗೇ ಇದೆ” ಅಂದ ಒಬ್ಬ. ಈಗ ಪ್ರತಿ ತರಗತಿಯಲ್ಲೂ ಅದನ್ನೇ ಮಾಡು ಎಂದು ಕಾಡುತ್ತಾರೆ, ನಾನೂ ಮಾಡುತ್ತೇನೆ. ಕನ್ನಡಿಯ ಮುಂದೆಯೂ ಮಾಡಿ ನೋಡಿದ್ದೇನೆ. ಚೆನ್ನಾಗಿ ಬರುತ್ತದೆ.

ಬಾಯಿಗೆ ಬೀಗ ಹಾಕು ಅನ್ನುತ್ತೀಯ. ಹಾಕಿಯೇ ಹೋಗುತ್ತೇನೆ. ಅವನು ಪಕ್ಕ ಕೂತು ತಲೆ ಓರೆ ಮಾಡಿ, “ಹೂಂ, ಆಮೇಲೆ?” ಅನ್ನುತ್ತಾನೆ ನೋಡು, ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಉರಿಯುತ್ತಿರುವ
ತಮ್ಮ


ಏಪ್ರಿಲ್ ೨೫

ತಮ್ಮಾ,

ಇವತ್ತು ಗೊಣಗಣ್ಣ ಎಂದು ಬರೆಯಲು ಮನಸ್ಸಿಲ್ಲ.

ನಿನ್ನೆಯ ಕಾರ್ಯಕ್ರಮದ ವಿಷಯ ಬಾಡಿಗೆ ಏರುತ್ತಿರುವುದು, ಜನ ಮನೆಯಿಂದ ಮನೆಗೆ ಅಲೆಯುತ್ತಿರುವುದು. ಅಂಗಡಿ ತುಂಬ ಜನ. ಎಲ್ಲರೂ ಬಾಡಿಗೆಯವರೇ, ಎಲ್ಲರ ಮೈಯೆಲ್ಲ ಕಿವಿ. ಬೆಣ್ಣೆಗಂಟಲು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಬಲ್ಲ ಒಬ್ಬ ತಾಯಿ ಇದ್ದರು” ಎಂದು ಶುರುಮಾಡಿದ.

ಆ ತಾಯಿ ವರ್ಷಕ್ಕೊಂದು ಬಾಡಿಗೆ ಕೋಣೆ ಬದಲಿಸುತ್ತಿದ್ದರಂತೆ. ಬಿಡುವಾಗ ಹಗ್ಗದ ತುಂಡನ್ನೂ ಬಿಡದೆ ಕಟ್ಟಿಕೊಳ್ಳುತ್ತಿದ್ದರಂತೆ. ಆದರೆ ಗೋಡೆಯಲ್ಲಿ ಒಂದು ಮೊಳೆಯನ್ನು ಮಾತ್ರ ಕೀಳುತ್ತಿರಲಿಲ್ಲವಂತೆ. ಮಕ್ಕಳು ಯಾಕೆಂದು ಕೇಳಿದರೆ, “ಇದೊಂದು ಇರಲಿ. ಬರೋರಿಗೆ ಮೊದಲನೇ ದಿನ ಏನಾದ್ರೂ ತೂಗುಹಾಕೋಕೆ ಒಂದು ಜಾಗ ಬೇಕಲ್ಲ” ಅನ್ನುತ್ತಿದ್ದರಂತೆ.

ನನ್ನ ಕೈ ಅಲ್ಲೇ ನಿಂತಿತು. ಯಾರದೋ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಹಾಗೇ ಕೂತುಬಿಟ್ಟಿತು. ಸುಟ್ಟಿತು. ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡು, “ಎಂಥಾ ತಾಯಿ ನೋಡಿ” ಅಂದರು. ಅದು ನಮ್ಮಮ್ಮ ಎಂದು ಹೇಳಲು ಬಾಯಿಯವರೆಗೆ ಬಂತು. ಹೇಳಿದರೆ ಯಾರು ನಂಬುತ್ತಾರೆ? “ಹೌದಮ್ಮ, ಎಲ್ಲರ ತಾಯಂದಿರೂ ಹಾಗೇ” ಎಂದು ಸಮಾಧಾನ ಮಾಡುತ್ತಾರೆ.

ಅಮ್ಮ ಹೋದಾಗ ನಾವಿಬ್ಬರೂ ಪಾಲು ಮಾಡಿಕೊಳ್ಳಲು ಏನೂ ಇರಲಿಲ್ಲ. ಇಂಥ ಒಂದೆರಡು ಮಾತು ಇತ್ತು. ನಿನ್ನ ಪಾಲು ನೀನು ಯಾರಿಗಾದರೂ ಕೊಡು. ನನ್ನ ಪಾಲನ್ನೂ ಸೇರಿಸಿ ಆ ಸೋಫಾದ ಮೇಲೆ ಕೊಟ್ಟು ಬಂದೆಯಲ್ಲ.

ಅಕ್ಕ


ಏಪ್ರಿಲ್ ೩೦

ಅಕ್ಕಾ,

ಕೊಟ್ಟೆ ಎನ್ನಬೇಡ. ಅವನು ಕದ್ದ.

ಅಲ್ಲ, ಅದೂ ಪೂರ್ತಿ ನಿಜವಲ್ಲ. ಕೇಳು. ಅವನು ಎಂದಿನಂತೆ “ಏನಯ್ಯಾ, ಏನು ಹೇಳೋದು ಇವತ್ತು” ಅಂದ. ನಾನು ಬಾಡಿಗೆಯ ಅಂಕಿಅಂಶ ಹೇಳಿದೆ. ಅವನಿಗೆ ರುಚಿಸಲಿಲ್ಲ, ಗಡಿಯಾರ ನೋಡಿಕೊಂಡ. ಅವನ ಗಮನ ಜಾರಿತಲ್ಲ ಎಂದು ನನಗೆ ಕಸಿವಿಸಿಯಾಯಿತು. ಅವನನ್ನು ಹಿಡಿದಿಡಲು ಅಮ್ಮನನ್ನು ತೆಗೆದೆ. ತಲೆ ಓರೆ ಮಾಡಿದ. “ಹೂಂ, ಆಮೇಲೆ?” ಅಂದ. ನನ್ನ ಮಾತನ್ನು ಇಡೀ ವಾರದಲ್ಲಿ ಹಾಗೆ ಕೇಳುವವನು ಅವನೊಬ್ಬನೇ. ನಾನು ಎಲ್ಲ ಹೇಳಿದೆ. ಆಮೇಲೆ ಸ್ಪೀಕರಿನಲ್ಲಿ ಅಮ್ಮ ಅವನ ಗಂಟಲಿನಿಂದ ಬಂದಾಗ ಎದ್ದು ಬಾಗಿಲು ಬಡಿಯಬೇಕು ಎನ್ನಿಸಿತು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕೂತೇ ಇದ್ದೆ.

ನನ್ನನ್ನು ನಿಜಕ್ಕೂ ಸುಟ್ಟದ್ದು ಏನು ಗೊತ್ತಾ? ಅವನು ನನಗಿಂತ ಚೆನ್ನಾಗಿ ಹೇಳಿದ.

ನಿನಗೆ ಮಾತು ಕೊಡುತ್ತೇನೆ. ಆ ಬಾಗಿಲು ನನಗೆ ತೆರೆದ ದಿನ ನಾನು ಮೊದಲು ಹೇಳುವುದೇ ಅದನ್ನು. ಆಕೆ ನನ್ನ ಅಮ್ಮ, ಆ ಮೊಳೆ ನಮ್ಮದು ಎಂದು ಊರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಅಲ್ಲಿಯವರೆಗೆ ನನ್ನನ್ನು ಬಯ್ಯುತ್ತಿರು, ಆದರೆ ಬರೆಯುವುದನ್ನು ನಿಲ್ಲಿಸಬೇಡ.

ತಮ್ಮ


ಮೇ ೨೦

ಅಕ್ಕಾ,

ನಿನ್ನಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ಭಾವ ಎತ್ತುತ್ತಾರೆ, “ಏನು? ಯಾರು? ಬಟ್ಟೆ ನಾಳೆ ರೆಡಿ” ಎನ್ನುತ್ತಾರೆ.

ನಾನು ಈಗಲೂ ಗುರುವಾರ ಹೋಗುತ್ತಿದ್ದೇನೆ. ಅವನಿಗೆ ಏನೂ ಹೇಳುವುದಿಲ್ಲ. “ಏನಯ್ಯಾ ಮುನಿಸು?” ಎಂದು ಕೇಳಿದ. ಗಂಟಲು ಸರಿಯಿಲ್ಲ ಎಂದೆ. ಹಾಗಾದರೆ ಬಿಸಿನೀರು ಕುಡಿ ಎಂದು ತಾನೇ ಎದ್ದು ಹೋಗಿ ತಂದುಕೊಟ್ಟ. ಅವನು ಒಳ್ಳೆಯವನೂ ಆಗಿಬಿಟ್ಟರೆ ನಾನೇನು ಮಾಡಲಿ?

ತಮ್ಮ


ಜೂನ್ ೪

ತಮ್ಮಾ,

ಬದುಕಿದ್ದೇನೆ. ಮಳೆ ಹಿಡಿದಿದೆ, ಬಟ್ಟೆ ಒಣಗುವುದಿಲ್ಲ, ಗಿರಾಕಿಗಳು ಒಣಗುತ್ತಾರೆ. ಗುರುವಾರ ರೇಡಿಯೋ ಹಾಕುವುದನ್ನು ಬಿಟ್ಟಿದ್ದೇನೆ. ಔಷಧಿ ಅಂಗಡಿಯವರು ಈಗ ತಮ್ಮ ಅಂಗಡಿಯಲ್ಲೇ ಕೇಳುತ್ತಾರೆ.

ಅಕ್ಕ


ಜೂನ್ ೨೭

ತಮ್ಮಾ,

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಡುವೆ ಕಾಗದ ಹರಿಯಬೇಡ.

ಹೊಸ ಬಾಡಿಗೆ ಕಾನೂನಿನ ಬಗ್ಗೆ ಮಾತು ಇದೆಯಂತೆ, ಅಂಗಡಿಗಳಿಗೂ ತಾಗುತ್ತದೋ ಏನೋ ಕೇಳೋಣ ಎಂದು ನಿನ್ನ ಭಾವ ಹಠ ಹಿಡಿದರು. ಬೇಡ ಎಂದು ನಾನು, ಬೇಕು ಎಂದು ಅವರು. ಜಗಳ ಮುಗಿದು ರೇಡಿಯೋ ಹಾಕುವ ಹೊತ್ತಿಗೆ ಕಾರ್ಯಕ್ರಮ ಶುರುವಾಗಿಹೋಗಿತ್ತು. ನಿರೂಪಕಿ ಏನೋ ಕೇಳಿದರು. ಒಂದು ಗುಕ್ಕು ನೀರು ಕುಡಿಯುವಷ್ಟು ಹೊತ್ತು ಮೌನ. ಆಮೇಲೆ, “ನೋಡಿ, ಇದನ್ನ ಎರಡು ರೀತಿ ನೋಡಬಹುದು.”

“ಮತ್ತೆ ಅದೇ ಮನುಷ್ಯ” ಅಂದರು ಔಷಧಿ ಅಂಗಡಿಯವರು. ತಮ್ಮ ರೇಡಿಯೋ ಕೆಟ್ಟಿದೆ ಎಂದು ನಮ್ಮಲ್ಲಿಗೆ ಬಂದಿದ್ದರು. “ಇವತ್ತು ಯಾಕೋ ಸಪ್ಪೆ. ಹೇಳಿದ್ದನ್ನೇ ಹೇಳ್ತಾರೆ” ಎಂದು ಎದ್ದು ಹೊರಟೇಹೋದರು. ನಾನು ಬೆನ್ನು ತಿರುಗಿಸಿ ಒದ್ದೆ ಹೊದಿಕೆ ಹಿಂಡುತ್ತಿದ್ದೆ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನಗು. ನನಗೆ ಮೈಯೆಲ್ಲ ಉರಿ. ಅಷ್ಟರಲ್ಲಿ ಆ ದನಿ, “ಒಬ್ಬ ತಾಯಿ ಇದ್ದರು. ಮನೆ ಬಿಡುವಾಗ ಗೋಡೆಯಲ್ಲಿ ಒಂದು ಮೊಳೆ ಬಿಟ್ಟು ಹೋಗುತ್ತಿದ್ದರು” ಅಂದಿತು.

ಇವನಿಗೆ ಒಂದು ಸಲ ಕದ್ದದ್ದು ಸಾಲದೆ ಎಂದು ರೇಡಿಯೋ ಆರಿಸಲು ಒದ್ದೆ ಕೈಯಲ್ಲೇ ಓಡಿದೆ. ಗುಂಡಿಯ ಮೇಲೆ ಕೈ ಇಟ್ಟಿದ್ದೆ. ನಿರೂಪಕಿ ನಡುವೆ ಬಾಯಿ ಹಾಕಿ, “ಹೌದು, ಹೋದ ಸಲ ಪ್ರೊಫೆಸರ್ ಇಲ್ಲಿ ಹೇಳಿದ ಆ ತಾಯಿ. ನಮ್ಮ ಕೇಳುಗರು ಇನ್ನೂ ಆ ಬಗ್ಗೆ ಬರೀತಿದ್ದಾರೆ” ಅಂದರು.

ಪ್ರೊಫೆಸರ್ ಹೇಳಿದ ತಾಯಿ ಎಂದರೆ, ಈಗ ಹೇಳುತ್ತಿರುವುದು ಯಾರು? ಆಗಲೂ ನನಗೆ ಹೊಳೆಯಲಿಲ್ಲ. ಆ ದನಿ ಸುಮ್ಮನಾಯಿತು. ಈ ಸಲದ ಮೌನ ಅವನ ಮೌನದ ಹಾಗಿರಲಿಲ್ಲ. ಸ್ವಲ್ಪ ಉಗ್ಗಿತು. “ಹೌದು. ಅವರು ಬಹಳ ಚೆನ್ನಾಗಿ ಹೇಳಿದ್ರು” ಅಂದಿತು. ಆ ಉಗ್ಗಿನಲ್ಲಿ ನೀನು ಸಿಕ್ಕಿದೆ.

ಕೊನೆಗೆ ನಿರೂಪಕಿ ಸಂಜೆ ಕಾಲೇಜಿನ ಉಪನ್ಯಾಸಕರಿಗೆ ವಂದನೆ ಹೇಳಿದರು. “ಅರೆ, ನಿನ್ನ ತಮ್ಮನೂ ಸಂಜೆ ಕಾಲೇಜಲ್ವಾ, ಇವರನ್ನ ಗೊತ್ತಿರಬೇಕು ಅವನಿಗೆ” ಅಂದರು ನಿನ್ನ ಭಾವ.

ಕಣ್ಣು ಕಟ್ಟಿ ಬಿಟ್ಟರೂ ಹಿಡಿದು ತರುತ್ತೇನೆ ಎಂದು ಬರೆದಿದ್ದೆ. ಕಣ್ಣು ಬಿಟ್ಟುಕೊಂಡೇ ನಿನ್ನನ್ನು ಆರಿಸಲು ಹೋಗಿದ್ದೆ, ತಮ್ಮಾ. ಅಷ್ಟು ತಿಂಗಳು ಕಾದು ಒಳಗೆ ಹೋದವನು ನಿನ್ನ ಬಾಯನ್ನು ಹೊರಗೆ ಬಿಟ್ಟು ಹೋದೆಯಲ್ಲ. “ಅವಳು ನನ್ನ ಅಮ್ಮ” ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಅಕ್ಕ


ಜುಲೈ ೫

ಅಕ್ಕಾ,

ಅಂದು ಅವನಿಗೆ ಜ್ವರ. ಫೋನ್ ಬಂತು. ಏರ್ಪಾಡು ನೋಡಿಕೊಳ್ಳುವ ಹೆಂಗಸು ನನ್ನ ಕೊರಳಿನ ಚೀಟಿ ತೆಗೆದು ‘ಅತಿಥಿ ೧’ ಹಾಕಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಒಳಗೆ ಕೂತೆ, ಕೆಂಪು ದೀಪ ಹತ್ತಿತು, ಪ್ರಶ್ನೆ ಬಂತು. ನಾನು ಬಾಯಿ ತೆರೆದೆ. ಅವನು ಹೊರಬಂದ.

ನಿಲ್ಲಿಸಲು ನೋಡಿದೆ, ಆಗಲಿಲ್ಲ. ಆ ಕುರ್ಚಿಯಲ್ಲಿ ಹೇಗೆ ಮಾತಾಡಬೇಕು ಎಂದು ನನಗೆ ಗೊತ್ತಿದ್ದದ್ದು ಅದೊಂದೇ ರೀತಿ. ಅಣಕ ಮಾಡುತ್ತಿದ್ದೇನೆ ಎಂದುಕೊಂಡು ಕಲಿತುಬಿಟ್ಟಿದ್ದೆ. ಅಮ್ಮನ ಮಾತು ಹೇಳಿದೆ. ಅದು ಅವನದು ಎಂದು ನಿರೂಪಕಿ ನಗುತ್ತ ಹೇಳಿದರು. ಆ ಕ್ಷಣದಲ್ಲಿ ನನಗೆ ಬಂದ ಯೋಚನೆ ಏನು ಗೊತ್ತಾ? ಅಮ್ಮನದಲ್ಲ. ಅವನಿಂದ ಕದ್ದೆ ಎಂದು ಜನ ನನ್ನನ್ನು ನೋಡಿ ನಗುತ್ತಾರಲ್ಲ ಎಂಬುದು. ಅದಕ್ಕೇ ಅವನನ್ನು ಹೊಗಳಿದೆ. ಅಮ್ಮನನ್ನು ನಾನು ಅವನಿಗೆ ಎರಡು ಸಲ ಕೊಟ್ಟೆ. ಮೊದಲನೆಯ ಸಲ ಸೋಫಾದ ಮೇಲೆ, ಎರಡನೆಯ ಸಲ ಊರೆಲ್ಲ ಕೇಳುವಾಗ.

ಮೊನ್ನೆ ಗುರುವಾರ ಅವನು ಬಂದ. ಮೈ ಇಳಿದಿತ್ತು. ಜ್ವರದಲ್ಲಿ ಮಲಗಿಕೊಂಡೇ ನನ್ನ ಮಾತು ಕೇಳಿದನಂತೆ. ಈ ಸಲ ಪಕ್ಕ ಕೂರಲಿಲ್ಲ, ಎದುರಿಗೆ ನಿಂತ. “ಅಲ್ಲಯ್ಯಾ, ಇಷ್ಟು ದಿನ ನೀನು ಇಲ್ಲಿ ಕೂತು ರೇಗ್ತಾ ರೇಗ್ತಾ ಮಾತಾಡ್ತಿದ್ದೆಯಲ್ಲ, ಅದನ್ನ ಒಂದು ದಿನ ಜನ ಕೇಳ್ತಾರೆ ಅಂತ ನಾನೂ ಕಾದಿದ್ದೆ. ನನ್ನ ಹಾಗೇ ಮಾತಾಡೋದಾದ್ರೆ ನಾನೇ ಸಾಕಲ್ಲ” ಅಂದ. ಅಣಕವಿರಲಿಲ್ಲ, ಬೇಸರವಿತ್ತು. ಆಮೇಲೆ, “ಆ ತಾಯಿ ನಿನ್ನ ತಾಯಿನಾ?” ಎಂದು ಕೇಳಿದ. ನಾನು ಹೇಳುವಾಗ ಒಬ್ಬ ತಾಯಿ ಎಂದೇ ಹೇಳಿದ್ದೆನಂತೆ, ಅಕ್ಕಾ. ಅವನಿಗೆ ಗೊತ್ತೇ ಇರಲಿಲ್ಲ.

ಹೌದು ಎಂದೆ. ಅವನು ಏನೋ ಹೇಳಲು ಹೊರಟ, ಒಳಗಿನಿಂದ ಕರೆ ಬಂತು. ನಾನು ಚೀಟಿಯನ್ನು ಸೋಫಾದ ಮೇಲಿಟ್ಟು ಮೆಟ್ಟಿಲಿಳಿದೆ. ಬೀದಿಗೆ ಬಂದ ಮೇಲೂ ಸ್ಪೀಕರ್ ಕೇಳಿಸುತ್ತಿದೆ ಎಂದು ಅನ್ನಿಸುತ್ತಿತ್ತು. ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ಸುಳ್ಳು. ಮೊದಲು ಅವನ ಕುರ್ಚಿಯ ಮೇಲಿತ್ತು. ಈಗ ಅವನಿಗೆ ಅವನದೇ ದನಿ ಇದೆಯಲ್ಲ, ಅದರ ಮೇಲಿದೆ.

ಬರುವ ಗುರುವಾರ ನಿನ್ನ ಅಂಗಡಿಗೆ ಬರುತ್ತೇನೆ. ಬಾಗಿಲು ಹಾಕಿಕೊಳ್ಳಬೇಡ.

ತಮ್ಮ


ಜುಲೈ ೧೩

ಗೊಣಗಣ್ಣಾ,

ಬಸ್ ಸರಿಯಾಗಿ ಸಿಕ್ಕಿತೇ? ನಿನ್ನ ಕೊಡೆ ಇಲ್ಲೇ ಮರೆತು ಹೋಗಿದ್ದೀಯ. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದೇ ತೆಗೆದುಕೊಂಡು ಹೋಗಬೇಕು.

ನಾನು ಹಿಂದಿನ ಕೋಣೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ನೀನು ಬಂದದ್ದು ಕಾಣಲಿಲ್ಲ. “ಅಲ್ಲ, ಅಲ್ಲ, ಈ ಕಾನೂನು ಬರೆದವರು ಯಾವತ್ತಾದ್ರೂ ಬಾಡಿಗೆ ಮನೇಲಿ ಇದ್ದಾರಾ?” ಎಂದು ಮುಂದಿನಿಂದ ಕೇಳಿಸಿತು. ನೀನು ಔಷಧಿ ಅಂಗಡಿಯವರ ಹತ್ತಿರ ಆಗಲೇ ಜಗಳ ಹತ್ತಿಸಿಕೊಂಡಿದ್ದೆ. ನಾನು ತಕ್ಷಣ ಹೊರಗೆ ಬರಲಿಲ್ಲ. ಹಿಂಡಿದ ಬಟ್ಟೆಯನ್ನೇ ಇನ್ನೊಂದು ಸಲ ಹಿಂಡುತ್ತ ನಿಂತಿದ್ದೆ.

ನೀನು ಅಮ್ಮನ ಮೊಳೆಯ ಮಾತು ಹೇಳುವಾಗ ಎರಡು ಕಡೆ ಉಗ್ಗಿದೆ. ಹಗ್ಗದ ತುಂಡಿನ ಸಂಗತಿ ಮರೆತೆ, ನಾನು ಒಳಗಿನಿಂದ ಕೂಗಿ ನೆನಪಿಸಬೇಕಾಯಿತು. ನಿನ್ನ ಭಾವ ನಿದ್ದೆ ಹೋದರು. ಟೀಚರಮ್ಮ ಸೀರೆಯ ಲೆಕ್ಕ ಕೇಳಿ ನಡುವೆ ಬಾಯಿ ಹಾಕಿದರು. ಬೆಣ್ಣೆಗಂಟಲಿನಷ್ಟು ಚೆನ್ನಾಗಿರಲಿಲ್ಲ, ಅದು ನಿಜ. ಆದರೆ ನನ್ನ ಪಾಲು ನನಗೆ ಬಂತು.

ಇನ್ನೊಂದು ವಿಷಯ. ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನೀನು ಹೋದ ಮೇಲೆ ಔಷಧಿ ಅಂಗಡಿಯವರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, “ಅಲ್ಲಮ್ಮಾ, ನಿಮ್ಮ ತಮ್ಮ ಇಷ್ಟು ಮಾತಾಡ್ತಾರೆ. ಆ ರೇಡಿಯೋದವರು ಇವರನ್ನ ಒಂದು ಸಲನಾದ್ರೂ ಯಾಕೆ ಕರೆಯಲ್ಲ?” ಎಂದು ಕೇಳಿದರು.

ನಾನು ನೀನು ಮರೆತ ಕೊಡೆಯನ್ನು ಎತ್ತಿ ಆ ಮೊಳೆಗೆ ತೂಗುಹಾಕಿದೆ.

ನಿನ್ನ
ಅಕ್ಕ